ಶನಿವಾರದ ಹಳಗನ್ನಡ ಕ್ಲಾಸು: ಎಂಟು ವಾರ ಹೋಗಿ ಬಂದ ಮೇಲೆ

ನಮ್ಮ ಬಡಾವಣೆಯ ಲೈಬ್ರರಿ ಮಹಡಿಯಲ್ಲಿ ಶನಿವಾರ ಸಂಜೆ ಹಳಗನ್ನಡ ಓದಿಸುವ ಕ್ಲಾಸು ನಡೆಯುತ್ತದೆ. ನಿವೃತ್ತ ಮೇಷ್ಟ್ರೊಬ್ಬರು ನಡೆಸುತ್ತಾರೆ. ಎಂಟು ವಾರಕ್ಕೆ 1,200 ರೂಪಾಯಿ. ಕೊಟ್ಟ ದುಡ್ಡಿಗಿಂತ ಜಾಸ್ತಿಯೇ ಸಿಕ್ಕಿತು.

ಕಾಲೇಜಿನಲ್ಲಿ ನಾನು ಕಲಿತಿದ್ದು ಅಲಂಕಾರದ ಹೆಸರು, ಲಕ್ಷಣ, ಸಮನ್ವಯ ಬರೆದು ಮಾರ್ಕ್ಸ್ ತೆಗೆಯುವುದು. ಪದ್ಯದೊಳಗಿನ ಮನುಷ್ಯನಿಗೆ ಏನಾಗುತ್ತಿದೆ ಅಂತ ಯಾರೂ ಕೇಳಿರಲಿಲ್ಲ. ಈ ಮೇಷ್ಟ್ರು ಮೊದಲು ಕೇಳುವುದೇ ಅದನ್ನು.

ರನ್ನನ ಗದಾಯುದ್ಧದ ನಾಲ್ಕು ಸಾಲಿನ ಒಂದೇ ಒಂದು ಕಂದಪದ್ಯಕ್ಕೆ ಒಂದೂವರೆ ಗಂಟೆ ಕೊಟ್ಟರು. ದುರ್ಯೋಧನ ವೈಶಂಪಾಯನ ಸರೋವರದೊಳಗಿದ್ದಾನೆ, ದಡದಲ್ಲಿ ಭೀಮ ಗರ್ಜಿಸುತ್ತಾನೆ, ಆಗ ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ’. ಹಾವಿನ ಬಾವುಟದವನು, ಅಂದರೆ ದುರ್ಯೋಧನ, ನೀರಿನಲ್ಲಿದ್ದೂ ಬೆವರಿದ. ಈ ಸಾಲು ನನಗೆ ಬಾಯಿಪಾಠವೇ ಇತ್ತು. ಆದರೆ ಇಡೀ ಪದ್ಯವನ್ನು ಗಟ್ಟಿಯಾಗಿ ಓದಿಸಿದಾಗ ಕಿವಿಗೆ ಬೇರೆಯೇ ಕೇಳಿತು. ‘ರವಮಂ’ (ಕೂಗನ್ನು) ಮೂರು ಸಲ ಬರುತ್ತದೆ, ನಾಲ್ಕೂ ಸಾಲಿನ ಎರಡನೇ ಅಕ್ಷರದಲ್ಲಿ ರಕಾರವೇ ಇದೆ, ಅಂದರೆ ಆ ಪ್ರಾಸವೇ ಭೀಮನ ಕೂಗಾಗಿ ಬೆನ್ನು ಹತ್ತಿ ಕೊನೆಯ ಸಾಲಿನ ‘ನೀರೊಳಗೆ’ ತನಕ ಇಳಿದುಬಿಡುತ್ತದೆ. ದುರ್ಯೋಧನ ಮುಳುಗಿ ಕೂತರೂ ಆ ಕೂಗು ಬಿಡುವುದಿಲ್ಲ.

ಬೆವರಿದ್ದು ಹೆದರಿಕೆಗೋ ಸಿಟ್ಟಿಗೋ ಅಂತ ಜೋರು ಚರ್ಚೆಯೂ ಆಯಿತು. ಹಿಂದೆ ಕೂತಿದ್ದ ಅಕ್ಕ ಒಬ್ಬರು, “ಕೋಪಾರುಣನೇತ್ರಂ, ಕೋಪಕ್ಕೆ ಕಣ್ಣು ಕೆಂಪಾದವನು ಅಂತ ಪದ್ಯದಲ್ಲೇ ಇದೆಯಲ್ಲ ಸಾರ್, ಸಿಟ್ಟೇ” ಅಂದರು. “ಹಾಗಾದ್ರೆ ಅಡಗಿದ್ದು ಯಾಕಮ್ಮಾ?” ಅಂದರು ಮೇಷ್ಟ್ರು. ಭೀಷ್ಮರ ಮಾತಿಗೆ ಕಟ್ಟುಬಿದ್ದು ಒಂದು ದಿನ ಕಳೆಯಲು ಬಂದವನು ಅವನು. ಎದ್ದು ಉತ್ತರ ಕೊಡಬೇಕು, ಕೊಡುವ ಹಾಗಿಲ್ಲ. ನನಗಂತೂ ಆ ಬೆವರು ಅಲ್ಲಿಂದಲೇ ಬಂದಿದ್ದು ಅನ್ನಿಸಿತು. ರನ್ನ ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದ ಕಾವ್ಯ ಇದು, ಆದರೂ ಮನಸ್ಸು ನೀರೊಳಗಿದ್ದವನ ಕಡೆಗೇ ಹೋಗುತ್ತದೆ ಅಲ್ವಾ!

ಬೇಸರವಾಗಿದ್ದು ಕುಮಾರವ್ಯಾಸನ ವಿಷಯದಲ್ಲಿ. ಅವನಿಗೆ ಸಿಕ್ಕಿದ್ದು ಕೊನೆಯ ಒಂದೇ ವಾರ. ಅವನ ಛಂದಸ್ಸಾದ ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆ ಲೆಕ್ಕ ಹಾಕುವುದರಲ್ಲೇ ಹೊತ್ತು ಹೋಯಿತು, ರೂಪಕಗಳ ಹತ್ತಿರ ಹೋಗಲೇ ಇಲ್ಲ. ಜೆರಾಕ್ಸ್ ಪ್ರತಿಗಳೂ ಮಸುಕು, ಒತ್ತಕ್ಷರ ಕಾಣುವುದಿಲ್ಲ. ಇವೆರಡನ್ನೂ ಮೇಷ್ಟ್ರಿಗೆ ಹೇಳಿದ್ದೇನೆ.

ಪರೀಕ್ಷೆಗೆ ನೋಟ್ಸ್ ಬೇಕು ಅನ್ನುವವರಿಗೆ ಈ ಕ್ಲಾಸು ಆಗಿಬರುವುದಿಲ್ಲ. ಹಳಗನ್ನಡ ಬರುವುದಿಲ್ಲ ಅಂತ ಹಿಂಜರಿಯುವವರು ಧೈರ್ಯವಾಗಿ ಹೋಗಿ, ಪದ ಬಿಡಿಸಿ ಬಿಡಿಸಿ ಹೇಳುತ್ತಾರೆ. ಮುಂದಿನ ಬ್ಯಾಚಿನಲ್ಲಿ ಪಂಪನ ಕರ್ಣ. ನಾನು ಆಗಲೇ ಫೀಸು ಕಟ್ಟಿದ್ದೇನೆ.