ಹಳೆ ಟೆಲಿಸ್ಕೋಪಿನ ಕನ್ನಡಿಯನ್ನು ಪಾಲಿಶಿಗೆ ಕೊಡಬೇಡಿ

ಮನೆಯ ಅಟ್ಟದಲ್ಲೋ ಶಾಲೆಯ ಲ್ಯಾಬಿನ ಮೂಲೆಯಲ್ಲೋ ಹಳೆ ಟೆಲಿಸ್ಕೋಪ್ ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ರಿಪೇರಿ ಮಾಡಿಸುವುದಾ, ಹೊಸತು ತೆಗೆದುಕೊಳ್ಳುವುದಾ ಎಂದು ಲೆಕ್ಕ ಹಾಕುತ್ತಿದ್ದರೆ ಒಂದು ವಾರ ತಡೆಯಿರಿ. ನಾನು ತಡೆಯಲಿಲ್ಲ. ನನ್ನ ಮಾವ ಕೈಯಲ್ಲೇ ಉಜ್ಜಿ ಮಾಡಿದ್ದ ಕನ್ನಡಿ ಅದರಿಂದ ಹಾಳಾಯಿತು.

ನಮ್ಮದು ಕಾಸರಗೋಡಿನ ಪೆರ್ಲದ ಹತ್ತಿರ. ಮಾವ ಅಂದರೆ ಅಮ್ಮನ ಅಣ್ಣ, ಕನ್ನಡ ಮೀಡಿಯಂ ಶಾಲೆಯಲ್ಲಿ ವಿಜ್ಞಾನದ ಮಾಸ್ಟ್ರಾಗಿದ್ದವರು. ಹ್ಯಾಲಿ ಧೂಮಕೇತು ಬರುತ್ತದೆ ಎಂದು 1985ರಲ್ಲಿ ಅವರು ಟೆಲಿಸ್ಕೋಪಿಗೆ, ಲೆನ್ಸಿನ ಬದಲು ಬೆಳಕು ಹಿಡಿಯುವ, ಆರು ಇಂಚಿನ ಕನ್ನಡಿ ಮಾಡಲು ಕೂತರು. ಎರಡು ದಪ್ಪ ಗಾಜಿನ ಬಿಲ್ಲೆ, ನಡುವೆ ಗಾಜು ಸವೆಸುವ ಕಾರ್ಬೊರಂಡಮ್ ಪುಡಿ ಮತ್ತು ನೀರು. ಕೆಳಗಿನ ಗಾಜನ್ನು ಡ್ರಮ್ಮಿನ ಮೇಲೆ ಕೂರಿಸಿ, ಮೇಲಿನದನ್ನು ಹಿಂದೆ ಮುಂದೆ ಉಜ್ಜುತ್ತಾ ಡ್ರಮ್ಮಿಗೆ ಸುತ್ತು ಬರುತ್ತಾ ಹೋದರೆ ಮೇಲಿನದು ನಿಧಾನಕ್ಕೆ ಗುಳಿಯಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಪುಡಿ ಒರಟಿನಿಂದ ನಯಕ್ಕೆ ಬದಲಾಗುತ್ತಾ ಹೋಗುತ್ತದೆ. ಕೊನೆಗೆ ಡಾಂಬರಿನ ಹಾಗಿರುವ ಪಿಚ್ ಮೇಲೆ ಸೀರಿಯಂ ಆಕ್ಸೈಡ್ ಎಂಬ ನಯವಾದ ಪುಡಿ ಹಚ್ಚಿ ತಿಂಗಳುಗಟ್ಟಲೆ ತಿಕ್ಕುವುದು. ಆ ವರ್ಷ ಮಾವ ಶಾಲೆಗೆ ನಡೆದದ್ದಕ್ಕಿಂತ ಡ್ರಮ್ಮಿನ ಸುತ್ತ ನಡೆದದ್ದೇ ಜಾಸ್ತಿ ಎಂದು ಅತ್ತೆ ಈಗಲೂ ಹೇಳುತ್ತಾರೆ. 1986ರ ಮಾರ್ಚಿನಲ್ಲಿ ಬೆಳಗಿನ ಜಾವ ಊರಿನವರು ಸಾಲಾಗಿ ನಿಂತು ಹ್ಯಾಲಿ ನೋಡಿದ್ದು ನಮ್ಮ ಅಂಗಳದಲ್ಲಿ.

ಆಮೇಲೆ ಎಷ್ಟೋ ವರ್ಷ ಅದು ಅಟ್ಟದಲ್ಲಿತ್ತು. ನಮ್ಮ ಕಡೆಯ ಮಳೆಗಾಲ ನಿಮಗೆ ಗೊತ್ತಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು. 2022ರ ಅಕ್ಟೋಬರಿನಲ್ಲಿ ಗ್ರಂಥಾಲಯದ ಮಕ್ಕಳಿಗೆ ಶನಿಯ ಬಳೆ ತೋರಿಸಬೇಕು ಎಂದು ಇಳಿಸಿ ನೋಡಿದರೆ ಕನ್ನಡಿ ಮಂಕಾಗಿತ್ತು. ಮೇಲೆಲ್ಲ ಬೂದು ಚುಕ್ಕೆ, ಅಂಚಿನಲ್ಲಿ ಅಡಿಕೆ ಕಲೆಯ ಹಾಗೆ ಒಂದು ಕಂದು ಉಂಗುರ.

ನನ್ನ ಮೊದಲ ತಪ್ಪು ಇಲ್ಲಿ. ಅದನ್ನು ಅಂಗಳಕ್ಕೆ ತಂದು ರಾತ್ರಿ ಒಮ್ಮೆ ನೋಡಲೇ ಇಲ್ಲ. ಮಂಕಾಗಿದೆ ಅಂದರೆ ಹಾಳಾಗಿದೆ ಎಂದುಕೊಂಡೆ. ಲೆಕ್ಕ ನೋಡಿ: ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ತುಂಬ ಅಗಲಿಸಿದರೆ ಸುಮಾರು 7 ಮಿಲಿಮೀಟರ್. ಆರು ಇಂಚಿನ ಕನ್ನಡಿ ಅದರ 470 ಪಟ್ಟು ಬೆಳಕು ಹಿಡಿಯುತ್ತದೆ. ಗಾಜಿನ ಮೇಲಿನ ಹೊಳೆಯುವ ಲೇಪ ಹಳತಾಗಿ ಬೆಳಕಿನಲ್ಲಿ ಮೂರರಲ್ಲಿ ಒಂದು ಪಾಲು ಹೋದರೂ ಮುನ್ನೂರು ಪಟ್ಟು ಉಳಿಯುತ್ತದಲ್ವಾ? ಶನಿಗೆ, ಗುರುವಿಗೆ, ಚಂದ್ರನಿಗೆ ಅಷ್ಟು ಧಾರಾಳ ಸಾಕು.

ಒಂದು ದೊಡ್ಡ ಪೇಟೆಯಲ್ಲಿ ಕ್ಯಾಮೆರಾ, ಬೈನಾಕ್ಯುಲರ್ ರಿಪೇರಿ ಮಾಡುವ ಅಂಗಡಿ ಇದೆ ಎಂದು ಯಾರೋ ಹೇಳಿದರು. ಫೋನ್ ಮಾಡಿದೆ. "ತನ್ನಿ ಮೇಡಂ, ಹೊಸತರ ಹಾಗೆ ಮಾಡಿಕೊಡ್ತೇವೆ" ಅಂದರು. ಮಾವನಿಗೆ ಹೇಳಲಿಲ್ಲ. ಅವರಿಗೆ ಎಪ್ಪತ್ತೆಂಟು ವರ್ಷ, ಕಣ್ಣಿನ ಪೊರೆಯ ಆಪರೇಷನ್ ಆಗಿ ಸ್ವಲ್ಪವೇ ದಿನ ಆಗಿತ್ತು. ರೆಡಿ ಮಾಡಿಸಿ ತಂದು ಅಂಗಳದಲ್ಲಿ ನಿಲ್ಲಿಸಿ ಒಮ್ಮೆಲೇ ತೋರಿಸಬೇಕು ಎಂಬ ಆಸೆ ನನಗೆ.

ಮೂರು ವಾರ ಬಿಟ್ಟು ಬಂತು. ಒಟ್ಟು 7,200 ರೂಪಾಯಿ. ಕನ್ನಡಿ ನೋಡಿ ನಾನು ಕುಣಿದೆ, ಅಷ್ಟು ಹೊಳೆಯುತ್ತಿತ್ತು. ಒಂದು ಚುಕ್ಕೆ ಇಲ್ಲ, ಒಂದು ಗೆರೆ ಇಲ್ಲ. ನಳಿಗೆಗೂ ಹೊಸ ಬಣ್ಣ. ಒಳಗಡೆಗೂ ಹೊಳೆಯುವ ಕಪ್ಪು ಬಳಿದಿದ್ದರು, ಅದು ತಪ್ಪೆಂದು ಆಗ ನನಗೆ ಗೊತ್ತಾಗಲಿಲ್ಲ. ಒಳಗೆ ಇರಬೇಕಾದ್ದು ಹೊಳಪಿಲ್ಲದ ಕಪ್ಪು, ಇಲ್ಲವಾದರೆ ಅಕ್ಕಪಕ್ಕದ ಬೆಳಕು ನಳಿಗೆಯ ಗೋಡೆಗೆ ಬಡಿದು ಕಣ್ಣಿಗೇ ಬರುತ್ತದೆ.

ನವೆಂಬರಿನ ಒಂದು ಸಂಜೆ, ಕತ್ತಲಾದ ಮೇಲೆ, ನೈರುತ್ಯಕ್ಕೆ ಶನಿ. ಮಾವನನ್ನು ಕುರ್ಚಿಯಲ್ಲಿ ಕೂರಿಸಿ ಐಪೀಸಿಗೆ ಕಣ್ಣಿಡಿಸಿದೆ. ಅವರು ಫೋಕಸಿನ ತಿರುಪನ್ನು ಒಳಗೆ ತಿರುಗಿಸಿದರು, ಹೊರಗೆ ತಿರುಗಿಸಿದರು, ಮತ್ತೆ ಒಳಗೆ. ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ತಲೆ ಎತ್ತದೆ ಕೇಳಿದರು, "ಇದನ್ನು ಯಾರು ಉಜ್ಜಿದ್ದು ಮಾರಾಯ್ತಿ?"

ನಾನು ನೋಡಿದೆ. ಶನಿ ಮೊಟ್ಟೆಯ ಹಾಗಿತ್ತು. ಬಳೆ ಬೇರೆ, ಗ್ರಹ ಬೇರೆ ಎಂದು ಬಿಡಿಸಿ ಕಾಣುತ್ತಲೇ ಇರಲಿಲ್ಲ. ಗುರುವಿನ ಕಡೆ ತಿರುಗಿಸಿದೆ, ನಾಲ್ಕು ಉಪಗ್ರಹ ನಾಲ್ಕು ಬಿಂದುವಾಗಿ ಕಾಣಬೇಕು, ನಾಲ್ಕು ಹತ್ತಿಯ ಉಂಡೆ ಕಂಡಿತು. ನಳಿಗೆಯೊಳಗಿನ ದೊಡ್ಡ ಕನ್ನಡಿ, ಸಣ್ಣ ಕನ್ನಡಿಗಳ ಅಲೈನ್‌ಮೆಂಟ್ ತಪ್ಪಿರಬಹುದು ಎಂದು ಒಂದು ಗಂಟೆ ತಿರುಪು ತಿರುಗಿಸಿದೆ. ಏನೂ ಪ್ರಯೋಜನ ಆಗಲಿಲ್ಲ.

ಮರುದಿನ ಅಂಗಡಿಗೆ ಫೋನ್ ಮಾಡಿ ಕೇಳಿದಾಗ ವಿಷಯ ಗೊತ್ತಾಯಿತು. ಅವರು ಅದನ್ನು ವಾಹನಗಳ ಹೆಡ್‌ಲೈಟಿನ ಬಟ್ಟಲಿಗೆ ಲೇಪ ಹಾಕುವ ಕಡೆ ಕೊಟ್ಟಿದ್ದರು. "ಗಾಜಿನಲ್ಲಿ ಗೆರೆ ಇತ್ತು ಮೇಡಂ, ಮೊದಲು ಬಫ್ ಮಾಡಿಸಿದೆವು" ಅಂದರು. ತಿರುಗುವ ಬಟ್ಟೆಯ ಚಕ್ರಕ್ಕೆ ಹಿಡಿದು ಪಾಲಿಶ್ ಮಾಡಿದ್ದಾರೆ. ತಪ್ಪು ಮಾಡಿದೆವು ಎಂದು ಅವರಿಗೆ ಅನ್ನಿಸಲೇ ಇಲ್ಲ. ಹೊಳೆಯುತ್ತಾ ಇದೆಯಲ್ಲ, ಮತ್ತೇನು ಎಂಬ ಹಾಗೆ ಮಾತು.

ದಯವಿಟ್ಟು ಇದನ್ನು ಅರ್ಥ ಮಾಡಿಕೊಳ್ಳಿ. ಮುಖ ನೋಡುವ ಕನ್ನಡಿಯಲ್ಲಿ ಲೇಪ ಗಾಜಿನ ಹಿಂದೆ ಇರುತ್ತದೆ, ಟೆಲಿಸ್ಕೋಪಿನಲ್ಲಿ ಗಾಜಿನ ಮುಂದೆ ಇರುತ್ತದೆ. ಆ ಅಲ್ಯುಮಿನಿಯಂ ಪದರ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ತೆಳು. ಅದು ಹೋದರೆ ಮತ್ತೆ ಹಾಕಿಸಬಹುದು. ಅದರ ಕೆಳಗಿನ ಗಾಜಿನ ಬಾಗು ಹೋದರೆ ಹೋಯಿತು. ಮಾವನ ಕನ್ನಡಿಯ ಫೋಕಸ್, ಅಂದರೆ ಬೆಳಕು ಒಟ್ಟಾಗುವ ದೂರ, ಸುಮಾರು ನಾಲ್ಕಡಿ. ಅಂಥ ಕನ್ನಡಿಯಲ್ಲಿ ಬರೀ ಗೋಳದ ಬಾಗಿಗೂ ಬೆಳಕನ್ನೆಲ್ಲ ಒಂದೇ ಬಿಂದುವಿಗೆ ತರುವ ಸರಿಯಾದ ಪ್ಯಾರಾಬೋಲಾ ಬಾಗಿಗೂ ಅಂಚಿನಲ್ಲಿ ಬರುವ ವ್ಯತ್ಯಾಸ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಮಾವ ತಿಂಗಳುಗಟ್ಟಲೆ ತಿಕ್ಕಿ ತಂದದ್ದು ಅಷ್ಟನ್ನೇ. ಬಫಿನ ಚಕ್ರ ಅದನ್ನು ಕೆಲವೇ ನಿಮಿಷದಲ್ಲಿ ತಿಂದು ಹಾಕಿತು. ಹೆಡ್‌ಲೈಟಿಗೆ ಹೊಳಪು ಸಾಕು. ನಕ್ಷತ್ರದ ಬೆಳಕನ್ನು ಒಂದೇ ಬಿಂದುವಿಗೆ ತರಲು ಸಾಕಾಗುವುದಿಲ್ಲ.

ಮಾವ ಬೈಯಲಿಲ್ಲ, ಅದೇ ನನಗೆ ಜಾಸ್ತಿ ಸಂಕಟವಾದದ್ದು. ಎರಡು ದಿನ ಬಿಟ್ಟು ಹಳೆ ಪರೀಕ್ಷೆಯ ಸಾಮಾನು ತೆಗೆಸಿದರು. ಒಂದು ಟಾರ್ಚು, ಅದರ ಮುಂದೆ ಸೂಜಿ ತೂತಿನ ತಗಡು, ಮರದ ತುಂಡಿಗೆ ಸಿಕ್ಕಿಸಿದ ಅರ್ಧ ಶೇವಿಂಗ್ ಬ್ಲೇಡು. ಫ್ರಾನ್ಸಿನ ಲಿಯೋನ್ ಫುಕೋ 1850ರ ದಶಕದಲ್ಲಿ ಕಂಡುಹಿಡಿದ ವಿಧಾನ ಇದು, ಈಗಲೂ ಮನೆಯಲ್ಲಿ ಕನ್ನಡಿ ಮಾಡುವವರು ಇದನ್ನೇ ನಂಬುವುದು. ರಾತ್ರಿ ಪಡಸಾಲೆಯ ದೀಪ ಆರಿಸಿ, ಕನ್ನಡಿಯಿಂದ ಎಂಟಡಿ ದೂರ ಕೂತು, ಮರಳಿ ಬರುವ ಬೆಳಕನ್ನು ಬ್ಲೇಡಿನ ಅಂಚಿನಿಂದ ಕೂದಲೆಳೆಯಷ್ಟು ಕತ್ತರಿಸಿದರೆ ಕನ್ನಡಿಯ ಮೈಯ ಏರುತಗ್ಗು ಎಲ್ಲ ನೆರಳಾಗಿ ಎದ್ದು ಕಾಣುತ್ತದೆ. ಸರಿ ಇದ್ದರೆ ಉದ್ದಿನ ವಡೆಯ ಹಾಗೆ, ನಡುವೆ ತಗ್ಗು, ಸುತ್ತ ನಯವಾದ ಉಬ್ಬು ಕಾಣಬೇಕಂತೆ. ನಮಗೆ ಕಂಡದ್ದು ಉತ್ತ ಗದ್ದೆ. ಸಾಲು ಸಾಲು ಏರು, ಅಂಚು ಪೂರ್ತಿ ಕೆಳಗೆ ಜಾರಿದ್ದು. ಹಗಲು ನೋಡಿದರೆ ಅದೇ ಕನ್ನಡಿ ಥಳಥಳ.

ಈ ನಡುವೆ ನಾನು ಇನ್ನೊಂದು ತಪ್ಪು ಮಾಡಿದೆ. ಮಕ್ಕಳಿಗೆ ಮಾತು ಕೊಟ್ಟಾಗಿತ್ತು, ಅವಸರದಲ್ಲಿ ಆನ್‌ಲೈನಿನಲ್ಲಿ 14,500 ಕೊಟ್ಟು ಹೊಸತು ತರಿಸಿದೆ. ಕನ್ನಡಿ 114 ಮಿಲಿಮೀಟರ್, ಫೋಕಸ್ 1000 ಮಿಲಿಮೀಟರ್ ಎಂದು ಬರೆದಿತ್ತು, ನಳಿಗೆಯ ಉದ್ದ ಅದರ ಅರ್ಧ. ಅಂಥವುಗಳಲ್ಲಿ ಐಪೀಸ್ ಕೂರುವ ಫೋಕಸರಿನೊಳಗೆ ಒಂದು ಲೆನ್ಸ್ ಇಟ್ಟು ಫೋಕಸನ್ನು ಉದ್ದ ಮಾಡಿರುತ್ತಾರೆ. ಅಲೈನ್‌ಮೆಂಟ್ ಮಾಡಲು ಅನುಭವಸ್ಥರಿಗೂ ಕಷ್ಟ. ಸ್ಟ್ಯಾಂಡ್ ಮುಟ್ಟಿದರೆ ಗ್ರಹ ನಡುಗುತ್ತದೆ. ಡಬ್ಬದ ಮೇಲೆ 500 ಪಟ್ಟು, 675 ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು ಬರೆದವನ್ನು ನಂಬಲೇಬೇಡಿ. ಒಂದು ಇಂಚು ಕನ್ನಡಿಗೆ 50 ಪಟ್ಟು, ಅದೂ ಆಕಾಶ ಒಳ್ಳೆಯದಿದ್ದರೆ, ಅದರಾಚೆಗೆ ಬರೀ ಮಸುಕು. ಹೊಸತೇ ಬೇಕಾದರೆ ಮರದ ಪೆಟ್ಟಿಗೆಯ ಮೇಲೆ ಕೂರುವ ಡಾಬ್ಸೋನಿಯನ್ ನೋಡಿ. ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯ ಮಠದಲ್ಲಿ ಸನ್ಯಾಸಿಯಾಗಿದ್ದ ಜಾನ್ ಡಾಬ್ಸನ್ ಅದನ್ನು ಜನರ ನಡುವೆ ತಂದವರು. ಅದರಲ್ಲಿ ದುಡ್ಡೆಲ್ಲ ಕನ್ನಡಿಗೆ ಹೋಗುತ್ತದೆ, ಸ್ಟ್ಯಾಂಡಿಗಲ್ಲ.

ಹಳತು ಕೈಯಲ್ಲಿದ್ದರೆ ಮೊದಲು ಹಾಗೇ ನೋಡಿ. ರಾತ್ರಿ ಒಂದು ನಕ್ಷತ್ರಕ್ಕೆ ಹಿಡಿದು ಫೋಕಸನ್ನು ಸ್ವಲ್ಪ ಒಳಗೆ, ಸ್ವಲ್ಪ ಹೊರಗೆ ಮಾಡಿ. ಎರಡೂ ಕಡೆ ಬೆಳಕಿನ ತಟ್ಟೆ ಒಂದೇ ಥರ ಕಂಡರೆ ಗಾಜು ಚಿನ್ನ, ಮಂಕಾಗಿದ್ದರೂ ಬಿಡಬೇಡಿ. ಧೂಳು ಮಾತ್ರ ಇದ್ದರೆ ರಬ್ಬರ್ ಬ್ಲೋವರಿನಿಂದ ಊದಿ. ಅಂಟಿದ ಕೊಳೆ ಇದ್ದರೆ ಡಿಸ್ಟಿಲ್ಡ್ ವಾಟರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ ನೆನೆಸಿ, ಹತ್ತಿಯನ್ನು ಅದರ ಭಾರಕ್ಕೇ ಎಳೆಯಿರಿ, ಒತ್ತಬೇಡಿ, ಮತ್ತೆ ಡಿಸ್ಟಿಲ್ಡ್ ವಾಟರಿನಲ್ಲೇ ತೊಳೆದು ಓರೆಯಾಗಿ ನಿಲ್ಲಿಸಿ ಒಣಗಲು ಬಿಡಿ. ಬಟ್ಟೆಯಲ್ಲಿ ಒರೆಸಲೇಬಾರದು. ಲೇಪ ನಿಜವಾಗಿಯೂ ಎದ್ದು ಹೋಗಿದ್ದರೆ ಟೆಲಿಸ್ಕೋಪ್ ಕನ್ನಡಿಗೇ ಲೇಪ ಹಾಕಿ ಅಭ್ಯಾಸ ಇರುವವರನ್ನು ಹುಡುಕಿ, ಹಳೆ ಲೇಪ ಹೇಗೆ ತೆಗೆಯುತ್ತೀರಿ ಎಂದು ಕೇಳಿ. ರಾಸಾಯನಿಕದಲ್ಲಿ ಕರಗಿಸುತ್ತೇವೆ ಅಂದರೆ ಸರಿ. ಪಾಲಿಶ್, ಬಫ್ ಎಂಬ ಮಾತು ಬಾಯಿಂದ ಬಂದರೆ ಕನ್ನಡಿ ಎತ್ತಿಕೊಂಡು ವಾಪಸ್ ಬನ್ನಿ.

ಹಳೆ ಲೆನ್ಸ್ ಟೆಲಿಸ್ಕೋಪುಗಳ ಜೊತೆ ಒಂದು ಚಿಕ್ಕ ಕಪ್ಪು ಗಾಜು ಬರುತ್ತಿತ್ತು, ಐಪೀಸಿಗೆ ತಿರುಪಿ ಸೂರ್ಯನನ್ನು ನೋಡಲು. ಅದನ್ನು ಇವತ್ತೇ ಒಡೆದು ಎಸೆಯಿರಿ. ಬೆಳಕೆಲ್ಲ ಒಟ್ಟಾಗುವ ಜಾಗದಲ್ಲಿ ಕೂರುವ ಗಾಜು ಅದು, ಬಿಸಿಗೆ ಸೀಳಿದರೆ ಆ ಕ್ಷಣಕ್ಕೆ ಕಣ್ಣು ಹೋಗುತ್ತದೆ. 2019ರ ಡಿಸೆಂಬರ್ 26ರಂದು ನಮ್ಮ ಕಾಸರಗೋಡಿನಲ್ಲೇ ಕಂಕಣ ಸೂರ್ಯಗ್ರಹಣ ಕಂಡಿತಲ್ಲ, ಆವತ್ತು ನೆರೆಮನೆಯವರೊಬ್ಬರು ಅಂಥದ್ದನ್ನೇ ಹಿಡಿದುಕೊಂಡು ಬಂದಿದ್ದರು. ಮಾವ ಕೈಯಿಂದ ಕಿತ್ತು ಇಟ್ಟರು. ಮುಖ ನೋಡುವ ಸಣ್ಣ ಕನ್ನಡಿಗೆ ತೂತಿರುವ ಕಾಗದ ಅಂಟಿಸಿ, ಕತ್ತಲೆ ಕೋಣೆಯ ಗೋಡೆಯ ಮೇಲೆ ಬಳೆಯಂಥ ಸೂರ್ಯನನ್ನು ಎಲ್ಲರಿಗೂ ತೋರಿಸಿದರು.

ಈಗ ಕನ್ನಡಿಯ ಹೊಳೆಯುವ ಲೇಪ ಕರಗಿಸಿ ತೆಗೆದಾಗಿದೆ. "ಗಾಜು ಎಲ್ಲಿಗೂ ಹೋಗ್ಲಿಲ್ಲವಲ್ಲ, ಬಾಗು ಮಾತ್ರ ಹೋದ್ದು" ಎಂದು ಮಾವ ಮತ್ತೆ ಪಿಚ್ ಕಾಯಿಸಿದರು. ಅವರ ಕೈ ನಡುಗುತ್ತದೆ, ಹಾಗಾಗಿ ಡ್ರಮ್ಮಿನ ಸುತ್ತ ಬರುವುದು ನಾನು, ಬ್ಲೇಡಿನ ಹಿಂದೆ ಕೂರುವುದು ಅವರು. ಬರೀ ರಜಾ ದಿನ ಮಾತ್ರ ಆಗುವ ಕೆಲಸ, ಮಳೆಗಾಲ ಬಂದರೆ ಅದೂ ನಿಲ್ಲುತ್ತದೆ, ಹಾಗಾಗಿ ವರ್ಷಗಳೇ ಹಿಡಿಯುತ್ತಿವೆ. ನಡುವಿನ ಏರುಗಳು ಹೋಗಿವೆ. ಅಂಚು ಇನ್ನೂ ಜಾರಿಯೇ ಇದೆ. ಕಳೆದ ಭಾನುವಾರ ಅರ್ಧ ಗಂಟೆ ಉಜ್ಜಿ, ತಣ್ಣಗಾಗಲು ಬಿಟ್ಟು, ದೀಪ ಆರಿಸಿ ನೋಡಿ, "ಇನ್ನು ಹತ್ತು ಸುತ್ತು, ಅದಕ್ಕಿಂತ ಜಾಸ್ತಿ ಬೇಡ" ಅಂದರು.