‘ಸಭೆಯಲ್ಲಿ ವಿರೋಧಿಸಿದ್ದೇವೆ’ ಎಂಬ ಮಾತು ನಂಬಿ ಕೂರಬೇಡಿ: ಭೂ ಉಪಯೋಗ ಬದಲಾವಣೆ ಕುರಿತು ಒಂದು ಎಚ್ಚರಿಕೆ

ಮೈಸೂರಿನ ವಸತಿ ಬಡಾವಣೆಗಳಲ್ಲಿ ಸ್ವಂತ ಮನೆ ಇರುವವರು ಮತ್ತು ಈಗ ಸೈಟು ಕೊಳ್ಳಲು ಓಡಾಡುತ್ತಿರುವವರು ಇದನ್ನು ಪೂರ್ತಿ ಓದಬೇಕೆಂದು ಕೋರುತ್ತೇನೆ. ನಮ್ಮ ಮನೆಯ ಪಕ್ಕದಲ್ಲಿ ವರ್ಷಗಟ್ಟಲೆ ಖಾಲಿ ಬಿದ್ದಿದ್ದ ಎರಡು ನಿವೇಶನಗಳು ಒಂದಾಗಿ, ವಸತಿ ಉದ್ದೇಶದಿಂದ ವಾಣಿಜ್ಯ ಉದ್ದೇಶಕ್ಕೆ ಬದಲಾಗಿ, ಇಂದು ಅಲ್ಲಿ ಪಾರ್ಟಿ ಹಾಲ್ ನಡೆಯುತ್ತಿದೆ. ಅದು ಕದ್ದುಮುಚ್ಚಿ ಕಟ್ಟಿದ ಕಟ್ಟಡವೇನಲ್ಲ. ಭೂ ಉಪಯೋಗ ಬದಲಾವಣೆಗೆ ಬೇಕಾದ ಕಾಗದಗಳೆಲ್ಲ ಅದರ ಕಡತದಲ್ಲಿವೆ, ಈಗ ಅದನ್ನು ಅಲುಗಾಡಿಸುವುದು ಕಷ್ಟವಾಗಿರುವುದೂ ಅದಕ್ಕೇ. ವಿಷಯ ನ್ಯಾಯಾಲಯದ ಮುಂದಿರುವುದರಿಂದ ಬಡಾವಣೆ, ವ್ಯಕ್ತಿಗಳು, ಕಚೇರಿಗಳು ಯಾವುದರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಇಂಥದ್ದು ಯಾವ ಬಡಾವಣೆಯಲ್ಲಿ ಬೇಕಾದರೂ ನಡೆಯಬಹುದಾದ್ದರಿಂದ ಹೆಸರಿನ ಅಗತ್ಯವೂ ಇಲ್ಲ.

ಪಾರ್ಟಿ ಹಾಲ್ ಪಕ್ಕದಲ್ಲಿ ಬಾಳುವುದೆಂದರೆ ಧ್ವನಿವರ್ಧಕದ ಕಾಟ ಅಷ್ಟೇ ಎಂದು ದೂರದಲ್ಲಿರುವವರು ತಿಳಿಯುತ್ತಾರೆ. ಹಾಡು ಹತ್ತಕ್ಕೋ ಹತ್ತೂವರೆಗೋ ನಿಲ್ಲುತ್ತದೆ. ನಮ್ಮ ಅಡುಗೆಮನೆಯ ಗೋಡೆಗೂ ಅವರು ಪಾತ್ರೆ ತೊಳೆಯುವ ಕಟ್ಟೆಗೂ ನಡುವೆ ಇರುವುದು ಒಂದು ಕಾಂಪೌಂಡು ಮಾತ್ರ; ಅನ್ನದ ಕೊಳಗ, ಸಾರಿನ ಹಂಡೆಗಳನ್ನು ಸಿಮೆಂಟು ನೆಲದ ಮೇಲೆ ದರದರನೆ ಎಳೆಯುವ ಸದ್ದು, ಬಾಡಿಗೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಗೂಡ್ಸ್ ಆಟೊಗೆ ತುಂಬುವ ಸದ್ದು ನಡುರಾತ್ರಿ ದಾಟಿದ ಮೇಲೂ ಸಾಗುತ್ತದೆ. ಕರೆಂಟು ಹೋದರೆ ಓಡುವ ಜನರೇಟರಿನ ಹೊಗೆಕೊಳವೆ ನಾವು ಮಲಗುವ ಕೋಣೆಯ ಕಿಟಕಿಗೇ ಮುಖ ಮಾಡಿದೆ. ಬೆಳಗಾದರೆ ಎಂಜಲೆಲೆಯ ಮೂಟೆಗಳು ಅಡ್ಡರಸ್ತೆಯ ಮೂಲೆಯಲ್ಲಿ ಬಿದ್ದಿರುತ್ತವೆ, ಕಸದ ಆಟೊ ಬರುವಷ್ಟರಲ್ಲಿ ನಾಯಿಗಳು ಅವನ್ನು ಬಿಚ್ಚಿ ಹರಡಿರುತ್ತವೆ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ಮೊದಲ ಸ್ಥಾನ ಪಡೆದ ಊರಿದು ಎಂಬ ಹೆಮ್ಮೆ ನನಗೂ ಇದೆ, ಆದರೆ ಆ ಮೂಲೆಯನ್ನು ದಾಟುವಾಗ ಅದು ನೆನಪಿಗೆ ಬರುವುದಿಲ್ಲ. ಲಗ್ನಗಳಿಲ್ಲದ ಆಷಾಢ ಬಂತೆಂದರೆ ನಮ್ಮ ರಸ್ತೆಯವರಿಗೆ ನಿದ್ದೆಯ ಸುಗ್ಗಿ. ಹುಟ್ಟುಹಬ್ಬಗಳಿಗೆ ಮಾತ್ರ ಆಷಾಢದ ತಡೆಯಿಲ್ಲ.

ಇದೆಲ್ಲ ಶುರುವಾದದ್ದು ಒಂದು ಸಹಿಯಿಂದ. ನಮ್ಮ ಭಾಗದಲ್ಲಿ ಎಲ್ಲರಿಗೂ ಪರಿಚಿತರಾದ ಒಬ್ಬರು ಸಂಜೆ ಹೊತ್ತು ಮನೆಮನೆಗೆ ಬಂದು, ರಸ್ತೆಗೆ ಡಾಂಬರು ಹಾಕಿಸಲು ಮನವಿ ಕೊಡಬೇಕೆಂದು ಸಹಿ ಸಂಗ್ರಹಿಸಿದರು. ಎದುರು ಮನೆಯ ನಿವೃತ್ತ ಶಿಕ್ಷಕರಿಗೆ ‘ಮೇಷ್ಟ್ರೇ, ನೀವೇ ಮೊದಲು ಹಾಕಿದರೆ ಉಳಿದವರೂ ಹಾಕ್ತಾರೆ’ ಎಂದು ಹೇಳಿ ಅವರಿಂದಲೇ ಆರಂಭಿಸಿದರು. ಅವರ ಕೈಯಲ್ಲಿದ್ದ ಮನವಿಯ ಮೊದಲ ಹಾಳೆಯಲ್ಲಿ ಡಾಂಬರಿನ ವಿಷಯವೇ ಇತ್ತು, ಸಹಿಗಳು ಬಿದ್ದದ್ದು ಮಾತ್ರ ಎರಡನೆಯ ಹಾಳೆಯಲ್ಲಿ. ಆ ಹಾಳೆಯಲ್ಲಿ ಕ್ರಮಸಂಖ್ಯೆ, ಹೆಸರು, ಮನೆ ನಂಬರು, ಸಹಿ ಎಂಬ ನಾಲ್ಕು ಅಂಕಣಗಳನ್ನು ಬಿಟ್ಟರೆ ಮತ್ತೇನೂ ಇರಲಿಲ್ಲ. ಬಹಳ ತಿಂಗಳುಗಳ ನಂತರ ಕಡತದ ಪ್ರತಿ ಕೈಗೆ ಬಂದಾಗ, ಅದೇ ಹಾಳೆ ‘ನೆರೆಹೊರೆಯವರ ಒಪ್ಪಿಗೆ’ ಎಂಬ ಬೇರೊಂದು ಪತ್ರದ ಹಿಂದೆ ಪಿನ್ ಹೊಡೆಸಿಕೊಂಡು ಕುಳಿತಿತ್ತು. ಆದ್ದರಿಂದ ಯಾವ ಮನವಿಯೇ ಇರಲಿ, ಎಷ್ಟೇ ಬೇಕಾದವರು ತಂದಿರಲಿ, ಸಹಿ ಹಾಕುವ ಹಾಳೆಯ ಮೇಲ್ಭಾಗದಲ್ಲೇ ವಿಷಯ ಬರೆದಿರದಿದ್ದರೆ ಸಹಿ ಮಾಡಬೇಡಿ. ತಂದವರು ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ.

ಎರಡನೆಯ ಸಂಗತಿ ಪ್ರಶಸ್ತಿಯದು. ನವೆಂಬರ್ ತಿಂಗಳ ರಾಜ್ಯೋತ್ಸವ ಕಾರ್ಯಕ್ರಮವೊಂದರಲ್ಲಿ, ಉದ್ಯಾನವನ್ನು ಚೆನ್ನಾಗಿ ಇಟ್ಟುಕೊಂಡಿದ್ದಕ್ಕಾಗಿ ನಮ್ಮ ನಿವಾಸಿಗಳ ಸಂಘವನ್ನು ಸನ್ಮಾನಿಸಲಾಯಿತು. ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವೂ ಇದ್ದವು. ಅದೇ ವೇದಿಕೆಯಲ್ಲಿ, ಅದೇ ಸಾಲಿನ ಕುರ್ಚಿಯಲ್ಲಿ, ಪಕ್ಕದ ನಿವೇಶನಗಳ ಮಾಲೀಕರಿಗೂ ಸಮಾಜಸೇವೆಗಾಗಿ ಪ್ರಶಸ್ತಿ ಸಂದಿತು. ಮರುದಿನ ರಸ್ತೆಯ ತಿರುವಿನಲ್ಲಿ ಅವರಿಗೆ ಅಭಿನಂದನೆ ಕೋರುವ ಫ್ಲೆಕ್ಸ್ ಎದ್ದಿತು. ಅದರಲ್ಲಿ ನಮ್ಮ ಸಂಘದ ಪದಾಧಿಕಾರಿಗಳ ಭಾವಚಿತ್ರಗಳೂ ಇದ್ದವು. ಇಂಥ ಸನ್ಮಾನಗಳು ಮನಸ್ಸನ್ನು ಮೆತ್ತಗೆ ಮಾಡುವ ಪರಿ ಎಂಥದೆಂದು ಆಗ ಕಂಡೆ. ಪಕ್ಕದಲ್ಲಿ ಕಟ್ಟಡ ಬರುವ ಸುದ್ದಿ ಎದ್ದಾಗ, ‘ನಿನ್ನೆ ಜೊತೆಯಲ್ಲಿ ಹಾರ ಹಾಕಿಸಿಕೊಂಡು ಇವತ್ತು ತಕರಾರು ಅರ್ಜಿ ಕೊಟ್ಟರೆ ಏನಂದುಕೊಂಡಾರು’ ಎಂದು ಸಂಘದಲ್ಲಿ ಹಿರಿಯರೊಬ್ಬರು ಕೇಳಿದರು, ಉಳಿದವರು ಸುಮ್ಮನಾದರು. ಪ್ರಶಸ್ತಿ ಕೊಟ್ಟವರಲ್ಲಿ ಯಾರಿಗೂ ದುರುದ್ದೇಶವಿತ್ತೆಂದು ನಾನು ಹೇಳುವುದಿಲ್ಲ. ಒಬ್ಬರಿಗೆ ಪ್ರಶಸ್ತಿ ಬಂದಿದೆ ಎಂಬುದಕ್ಕೂ ಅವರ ಅರ್ಜಿ ನಿಯಮಬದ್ಧವಾಗಿದೆ ಎಂಬುದಕ್ಕೂ ಯಾವ ಸಂಬಂಧವೂ ಇಲ್ಲ ಎಂಬುದಷ್ಟೇ ನನ್ನ ಮಾತು.

ಮೂರನೆಯದು, ಎಲ್ಲಕ್ಕಿಂತ ದುಬಾರಿಯಾದದ್ದು. ಸುದ್ದಿ ತಿಳಿದ ಕೂಡಲೇ ನಾವು ಹೋದದ್ದು ನಮ್ಮ ಚುನಾಯಿತ ಪ್ರತಿನಿಧಿಯ ಬಳಿಗೆ. ಅವರು ನಮ್ಮನ್ನು ಕೂರಿಸಿ ಕಾಫಿ ಕೊಟ್ಟು, ವಿಷಯವನ್ನು ಸಭೆಯಲ್ಲಿ ಎತ್ತುವುದಾಗಿ ಮಾತು ಕೊಟ್ಟರು. ಸಭೆ ಮುಗಿದ ಸಂಜೆ ಅವರೇ ಫೋನು ಮಾಡಿ, ‘ತಲೆ ಕೆಡಿಸಿಕೊಳ್ಳಬೇಡಿ ಸಾರ್, ಎಲ್ಲಾ ಸದಸ್ಯರೂ ಒಂದೇ ದನಿಯಲ್ಲಿ ವಿರೋಧಿಸಿದ್ದೇವೆ, ನಿರ್ಣಯ ಆಗಿದೆ’ ಎಂದರು. ರಸ್ತೆಯಲ್ಲಿ ಎಲ್ಲರೂ ನಿರಾಳರಾದರು. ಆದರೆ ಒಂದು ನಿವೇಶನವನ್ನು ವಸತಿಯಿಂದ ವಾಣಿಜ್ಯಕ್ಕೆ ಬದಲಾಯಿಸುವ ಅಧಿಕಾರ ಸ್ಥಳೀಯ ಸಂಸ್ಥೆಯ ಸಾಮಾನ್ಯ ಸಭೆಗೆ ಇಲ್ಲ, ತಡೆಯುವ ಅಧಿಕಾರವೂ ಇಲ್ಲ. ಪಾಲಿಕೆಗಳಲ್ಲಿ ಪಟ್ಟಣ ಯೋಜನೆ ಮತ್ತು ಅಭಿವೃದ್ಧಿಗೆಂದೇ ಸ್ಥಾಯಿ ಸಮಿತಿ ಇರುತ್ತದಾದರೂ, ಊರಿನ ಯಾವ ಜಾಗ ಯಾವ ಬಳಕೆಗೆ ಎಂದು ಗೊತ್ತುಪಡಿಸುವ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಗುರುತಿಸಿದ ಭೂ ಉಪಯೋಗದ ಬದಲಾವಣೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಮಿಗೆ ಒಳಪಟ್ಟ ವಿಷಯ. ಅದನ್ನು ನಿರ್ಧರಿಸುವುದು ಯೋಜನಾ ಪ್ರಾಧಿಕಾರ, ಅದೂ ರಾಜ್ಯ ಸರ್ಕಾರದ ಪೂರ್ವಾನುಮತಿ ಪಡೆದು. ಬದಲಾವಣೆ ಸಾರ್ವಜನಿಕ ಹಿತಕ್ಕೆ ಅನುಗುಣವಾಗಿರಬೇಕು, ಬೇರಾವ ಕಾನೂನಿಗೂ ವಿರುದ್ಧವಾಗಿರಬಾರದು, ಮತ್ತು ಆ ಪ್ರದೇಶದಲ್ಲಿ ಪ್ರಸಾರವಿರುವ ಒಂದು ಅಥವಾ ಹೆಚ್ಚು ದಿನಪತ್ರಿಕೆಗಳಲ್ಲಿ ಪ್ರಕಟಿಸಿ ಕನಿಷ್ಠ 15 ದಿನಗಳ ಕಾಲಾವಕಾಶದಲ್ಲಿ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು ಎಂದು ಆ ಕಲಂ ಹೇಳುತ್ತದೆ. ನಾವು ನಿರಾಳರಾಗಿ ಕುಳಿತಿದ್ದ ಅವಧಿ, ದುರದೃಷ್ಟವಶಾತ್, ಸರಿಯಾಗಿ ಆ 15 ದಿನಗಳೇ ಆಗಿದ್ದವು. ಪ್ರಾಧಿಕಾರದ ಕದ ತಟ್ಟಬೇಕೆಂದು ನಮಗೆ ಆಗ ಯಾರೂ ಹೇಳಲಿಲ್ಲ, ಕಾಫಿ ಕೊಟ್ಟವರೂ ಹೇಳಲಿಲ್ಲ.

ಪ್ರಕಟಣೆ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದನ್ನು ಒಮ್ಮೆ ನೋಡಿದವರು ಮಾತ್ರ ಮತ್ತೊಮ್ಮೆ ಗುರುತಿಸಬಲ್ಲರು. ನಮ್ಮದು ಒಂದೇ ಅಂಕಣದಲ್ಲಿ, ಅಂಗೈಯಷ್ಟು ಜಾಗದಲ್ಲಿ, ಹೆಸರು ಬದಲಾವಣೆಯ ಅಫಿಡವಿಟ್ಟುಗಳಿಗೂ ಬ್ಯಾಂಕಿನ ಹರಾಜು ನೋಟಿಸಿಗೂ ನಡುವೆ ಅಚ್ಚಾಗಿತ್ತು. ಅದರಲ್ಲಿ ಬಡಾವಣೆಯ ಜನ ಬಳಸುವ ಅಡ್ಡರಸ್ತೆ, ಮುಖ್ಯರಸ್ತೆಗಳ ಹೆಸರಾಗಲಿ, ಹತ್ತಿರದ ದೇವಸ್ಥಾನದ ಗುರುತಾಗಲಿ ಇರಲಿಲ್ಲ. ಗ್ರಾಮದ ಹಳೆಯ ಹೆಸರು, ಬಡಾವಣೆಯಾಗುವ ಮೊದಲಿನ ಸರ್ವೆ ನಂಬರು, ಚದರ ಮೀಟರುಗಳಲ್ಲಿ ವಿಸ್ತೀರ್ಣ, ಚೆಕ್ಕುಬಂದಿ ಇಷ್ಟೇ ಇದ್ದವು. ಚೆಕ್ಕುಬಂದಿಯಲ್ಲಿ ‘ಪಶ್ಚಿಮಕ್ಕೆ ಇತರರ ಸ್ವತ್ತು’ ಎಂದಿತ್ತು. ಆ ಇತರರು ನಾವು. ನಮ್ಮ ರಸ್ತೆಯಲ್ಲಿ ಆ ಪತ್ರಿಕೆ ತರಿಸುವ ಮನೆ ಒಂದೂ ಇಲ್ಲ. ಕಾನೂನಿನ ದೃಷ್ಟಿಯಲ್ಲಿ ಮಾತ್ರ ಊರಿಗೆಲ್ಲ ತಿಳಿಸಿದಂತಾಯಿತು. ಆದ್ದರಿಂದ ನಿಮ್ಮ ಬಡಾವಣೆ ಯಾವ ಗ್ರಾಮದ ಯಾವ ಸರ್ವೆ ನಂಬರಿನಲ್ಲಿ ರೂಪುಗೊಂಡಿದೆ ಎಂಬುದನ್ನು ಕ್ರಯಪತ್ರ ತೆಗೆದು ನೋಡಿ ಬರೆದಿಟ್ಟುಕೊಳ್ಳಿ, ಸಂಘದಲ್ಲಿ ಒಬ್ಬರಿಗಾದರೂ ಪತ್ರಿಕೆಗಳ ಪ್ರಕಟಣೆ ಪುಟ ನೋಡುವ ಕೆಲಸ ವಹಿಸಿ.

ಮಾಹಿತಿ ಹಕ್ಕಿನಡಿ ಎರಡು ಕಡೆಯ ಕಾಗದಗಳು ಬಂದಾಗ ಕಂಡದ್ದು ಇದು. ಸಭೆಯ ನಡಾವಳಿಯಲ್ಲಿ ನಮ್ಮ ವಿಷಯ ‘ಇತರೆ’ ಎಂಬ ಶೀರ್ಷಿಕೆಯಡಿ ಕೊನೆಯ ಪುಟದಲ್ಲಿತ್ತು, ‘ಚರ್ಚಿಸಲಾಯಿತು, ಪರಿಶೀಲಿಸಿ ಸೂಕ್ತ ಕ್ರಮ ವಹಿಸಲು ಸೂಚಿಸಲಾಯಿತು’ ಎಂದಷ್ಟೇ ದಾಖಲಾಗಿತ್ತು. ವಿರೋಧ ಎಂಬ ಪದವೇ ಇರಲಿಲ್ಲ. ಆ ಒಂದು ಸಾಲು ಕೂಡ ಯೋಜನಾ ಕಡತಕ್ಕೆ ಹೋಗಿರಲಿಲ್ಲ. ಅಲ್ಲಿನ ಟಿಪ್ಪಣಿ ಹಾಳೆಯಲ್ಲಿ ‘ನಿಗದಿತ ಅವಧಿಯಲ್ಲಿ ಸಾರ್ವಜನಿಕರಿಂದ ಯಾವುದೇ ಆಕ್ಷೇಪಣೆಗಳು ಸ್ವೀಕೃತವಾಗಿರುವುದಿಲ್ಲ’ ಎಂದು ಬರೆದು ಕಡತವನ್ನು ಮೇಲಕ್ಕೆ ಮಂಡಿಸಲಾಗಿತ್ತು. ಆ ವಾಕ್ಯ ಬರೆದ ಗುಮಾಸ್ತರನ್ನು ದೂಷಿಸುವಂತಿಲ್ಲ, ಅವರ ಮೇಜಿಗೆ ನಿಜಕ್ಕೂ ಏನೂ ಬಂದಿರಲಿಲ್ಲ. ನಮ್ಮ ಆತಂಕ, ಸಭೆಯ ಗದ್ದಲ, ಮರುದಿನ ಸ್ಥಳೀಯ ಪುಟದಲ್ಲಿ ಬಂದ ಸುದ್ದಿ, ಇವಾವುವೂ ಆಕ್ಷೇಪಣೆಗಳಲ್ಲ. ಅವಧಿಯೊಳಗೆ ಪ್ರಾಧಿಕಾರದ ಟಪಾಲು ವಿಭಾಗಕ್ಕೆ ತಲುಪಿದ, ಸಹಿಯುಳ್ಳ ಕಾಗದವೇ ಆಕ್ಷೇಪಣೆ.

ಅದನ್ನು ಕೊಡುವ ರೀತಿಯಲ್ಲೂ ಎಚ್ಚರ ಬೇಕು. ಸಂಘದ ಹೆಸರಿನಲ್ಲಿ ಒಂದೇ ಪತ್ರ ಕೊಡುವುದಕ್ಕಿಂತ ಅಕ್ಕಪಕ್ಕದ ಪ್ರತಿ ಮನೆಯವರೂ ಬೇರೆಬೇರೆ ಪತ್ರ ಕೊಡುವುದು ಮೇಲು, ಏಕೆಂದರೆ ಸಂಘದವರ ಮನವೊಲಿಸಿ ಒಂದು ಪತ್ರವನ್ನು ಹಿಂದಕ್ಕೆ ಪಡೆಸುವುದು ಸುಲಭ. ಪ್ರಕಟಣೆಯ ದಿನಾಂಕ, ಪತ್ರಿಕೆಯ ಹೆಸರು, ಸರ್ವೆ ನಂಬರನ್ನು ಮೊದಲ ಸಾಲಿನಲ್ಲೇ ನಮೂದಿಸಿ. ‘ನಮಗೆ ತೊಂದರೆಯಾಗುತ್ತದೆ’ ಎಂದು ಬರೆದರೆ ಯಾರೂ ಓದುವುದಿಲ್ಲ. ಟೇಪು ಹಿಡಿದು ಅಳೆದ ರಸ್ತೆಯ ಅಗಲ, ವಾಹನ ನಿಲುಗಡೆಗೆ ಜಾಗವಿದೆಯೇ ಇಲ್ಲವೇ, ಒಳಚರಂಡಿಯ ಸ್ಥಿತಿ, ಅಗ್ನಿಶಾಮಕ ವಾಹನ ತಿರುಗುವುದಕ್ಕಾದರೂ ಸ್ಥಳವಿದೆಯೇ ಎಂಬುದನ್ನು ಫೋಟೊ ಸಮೇತ ಬರೆದು, ಈ ಬದಲಾವಣೆಯಲ್ಲಿ ಸಾರ್ವಜನಿಕ ಹಿತ ಎಲ್ಲಿದೆ ಎಂದು ನೇರವಾಗಿ ಕೇಳಿ. ಕಾನೂನು ಕೇಳುವುದೂ ಅದನ್ನೇ. ಎರಡು ಪ್ರತಿ ಒಯ್ದು ಒಂದರ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ‘ಸಾಹೇಬರಿಲ್ಲ, ನಾಳೆ ಬನ್ನಿ’ ಎಂದರೆ ವಾದ ಬೇಡ, ಅದೇ ದಿನ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ.

ಕಟ್ಟಡ ಎದ್ದ ಮೇಲೆ ಉಳಿಯುವ ದಾರಿಗಳು ಕಡಿಮೆ, ಇರುವವೂ ನಿಧಾನ. 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. 112ಕ್ಕೆ ಕರೆ ಮಾಡಿದರೆ ಪೊಲೀಸರು ಬರುತ್ತಾರೆ, ಸದ್ದು ತಗ್ಗುತ್ತದೆ, ಮುಂದಿನ ಮುಹೂರ್ತಕ್ಕೆ ಮತ್ತೆ ಏರುತ್ತದೆ. ಅದಕ್ಕಿಂತ ಗಟ್ಟಿಯಾದ ಪ್ರಶ್ನೆಯೆಂದರೆ ಕಟ್ಟಡಕ್ಕೆ ಸ್ವಾಧೀನಾನುಭವ ಪತ್ರ, ಅಂದರೆ ನಕ್ಷೆಯಂತೆ ಕಟ್ಟಿದೆ, ಬಳಸಬಹುದು ಎಂದು ಕೊಡುವ ಒ.ಸಿ., ಸಿಕ್ಕಿದೆಯೇ ಎಂಬುದು. ಅದಿಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದೆಂದು ಸರ್ವೋಚ್ಚ ನ್ಯಾಯಾಲಯ 2024ರ ಡಿಸೆಂಬರ್‌ನಲ್ಲಿ ನಿರ್ದೇಶನ ನೀಡಿದೆ. ನಕ್ಷೆಯಲ್ಲಿ ನೆಲಮಾಳಿಗೆಯ ವಾಹನ ನಿಲುಗಡೆ ಎಂದು ತೋರಿಸಿ ಅಲ್ಲಿ ಊಟದ ಹಾಲ್ ಮಾಡಿರುವುದು ನಮ್ಮ ಪ್ರಕರಣದಲ್ಲಿ ಬೆಳಕಿಗೆ ಬಂದದ್ದು ಈ ದಾರಿಯಿಂದಲೇ.

ಇನ್ನೂ ಕೊಳ್ಳದವರಿಗೆ ಒಂದು ಮಾತು. ದಲ್ಲಾಳಿ ‘ಇದು ಪಕ್ಕಾ ವಸತಿ ಏರಿಯಾ’ ಎಂದರೆ ಸಾಲದು. ಮೈಸೂರು–ನಂಜನಗೂಡು ಸ್ಥಳೀಯ ಯೋಜನಾ ಪ್ರದೇಶದ 2031ರ ಮಹಾಯೋಜನೆಯ ನಕ್ಷೆಯಲ್ಲಿ ನಿಮ್ಮ ಸೈಟು ಮಾತ್ರವಲ್ಲ, ಅದರ ಎರಡೂ ಬದಿ ಮತ್ತು ಹಿಂಬದಿಯ ಖಾಲಿ ಜಾಗ ಯಾವ ಬಣ್ಣದಲ್ಲಿದೆ ಎಂದು ನೋಡಿ. ಹಳದಿ ವಸತಿಗೆ, ನೀಲಿ ವಾಣಿಜ್ಯಕ್ಕೆ. ಹಳದಿ ಇದ್ದ ಮಾತ್ರಕ್ಕೂ ನಿಶ್ಚಿಂತೆಯಲ್ಲ, ವಲಯ ನಿಯಮಾವಳಿಯಲ್ಲಿ ವಸತಿ ವಲಯಕ್ಕೂ ‘ವಿಶೇಷ ಸಂದರ್ಭಗಳಲ್ಲಿ’ ಅನುಮತಿಸಬಹುದಾದ ಬಳಕೆಗಳ ಪಟ್ಟಿ ಬೇರೆಯೇ ಇರುತ್ತದೆ, ಅದನ್ನೂ ಓದಿ. ಉದ್ಯಾನಕ್ಕೆ ಮೀಸಲಾದ ಜಾಗವಾದರೆ ನಿವಾಸಿಗಳ ಕೈ ಬಲವಾಗಿರುತ್ತದೆ. ಬೆಂಗಳೂರಿನಲ್ಲಿ ಉದ್ಯಾನದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ಹೂಡಿದ ಬಿ.ಎಸ್. ಮುದ್ದಪ್ಪ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ಅವರ ಪರವಾಗಿಯೇ ತೀರ್ಪು ಕೊಟ್ಟಿತು. ನಮ್ಮದು ಖಾಸಗಿ ನಿವೇಶನವಾದ್ದರಿಂದ ಅಷ್ಟು ಸಲೀಸಾಗಿಲ್ಲ.

2023ರ ನವೆಂಬರ್‌ನಲ್ಲಿ ಮೈಸೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿಗಳು ಬಂದ ಮೇಲೆ, ಇಂಥ ವಿಷಯಗಳನ್ನು ಸಭೆಯಲ್ಲಿ ಎತ್ತಲು ಆ ಮಾತಿನ ದಾರಿಯೂ ಉಳಿಯಲಿಲ್ಲ. ನಿಮ್ಮ ಪಕ್ಕದ ಖಾಲಿ ಸೈಟಿನಲ್ಲಿ ಅಳತೆಗಾರರು ಸರಪಳಿ ಎಳೆಯುವುದು ಕಂಡರೆ ಯಾರನ್ನೂ ಕಾಯದೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದಗಳನ್ನು ಮೀರಬಾರದು, ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಶುಲ್ಕ 10 ರೂಪಾಯಿ. ಸರ್ವೆ ನಂಬರು ನಮೂದಿಸಿ, ಭೂ ಉಪಯೋಗ ಬದಲಾವಣೆಗೆ ಅರ್ಜಿ ಬಂದಿದೆಯೇ, ಬಂದಿದ್ದರೆ ಪತ್ರಿಕಾ ಪ್ರಕಟಣೆ, ನೆರೆಹೊರೆಯವರ ಒಪ್ಪಿಗೆ ಪತ್ರ ಮತ್ತು ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ ಕೊಡಿ ಎಂದು ಕೇಳಿ. 30 ದಿನಗಳಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ಸಲ್ಲಿಸಲು ಮತ್ತೆ 30 ದಿನಗಳ ಅವಕಾಶವಿದೆ.