ನಮ್ಮ ವಾರ್ಡ್ ಸದಸ್ಯರ ತಿಂಗಳ ಸಭೆ: ಐದಕ್ಕೆ ಮೂರು ಸ್ಟಾರ್

ಹುಬ್ಬಳ್ಳಿ-ಧಾರವಾಡ ಪಾಲಿಕೆಯ 82 ವಾರ್ಡುಗಳಲ್ಲಿ ನಮ್ಮದೂ ಒಂದು. ನಮ್ಮ ಸದಸ್ಯರು ತಿಂಗಳಿಗೊಮ್ಮೆ ಗುಡಿ ಕಟ್ಟೆಗೆ ಬಂದು ಏನೇನು ಆಯ್ತು ಅಂತ ಹೇಳುತ್ತಾರೆ. ನಾನು ಹೋಗಿದ್ದು ಅತ್ತೆಯ ಗೃಹಲಕ್ಷ್ಮಿ ದುಡ್ಡಿಗಾಗಿ. ತಿಂಗಳಿಗೆ 2,000 ರೂಪಾಯಿ ಬರಬೇಕಿತ್ತು, ಮೂರು ಕಂತು ಬಂದಿರಲಿಲ್ಲ. ಬ್ಯಾಂಕಿಗೆ ನಾಲ್ಕು ಸಲ ಅಲೆದಿದ್ದೆ. 'ಆಧಾರ್ ಲಿಂಕ್ ಆಗಿದೆ' ಅನ್ನೋದೊಂದೇ ಉತ್ತರ.

ಸದಸ್ಯರ ಜೊತೆ ಬಂದಿದ್ದ ಹುಡುಗ ಫೋನಿನಲ್ಲೇ ನೋಡಿ, "ಅಕ್ಕಾರ, ಲಿಂಕ್ ಆಗೇತ್ರಿ. ಆದ್ರ ರೊಕ್ಕ ಹೋಗೂದು ಬ್ಯಾರೆ ಖಾತೇಕ್ಕ" ಅಂದ. ಆಧಾರ್ ಕೊನೆಗೆ ಯಾವ ಬ್ಯಾಂಕಿಗೆ ಜೋಡಣೆ ಆಗಿರುತ್ತೋ ಆ ಖಾತೆಗೇ ಸರ್ಕಾರದ ದುಡ್ಡು ಬೀಳುತ್ತದಂತೆ. ಅತ್ತೆ ಎಂದೋ ತೆರೆದು ಮರೆತಿದ್ದ ಖಾತೆಯಲ್ಲಿ 6,000 ಸುಮ್ನೆ ಕೂತಿತ್ತು! ಪಾಸ್‌ಬುಕ್ ಹಿಟ್ಟಿನ ಡಬ್ಬಿ ಹಿಂದೆ ಸಿಕ್ಕಿತು. ಇದಕ್ಕೇ ಎರಡು ಸ್ಟಾರ್.

ಶಾಲೆ ವಿಷಯದಲ್ಲಿ ಭಾಷಣವೇ ಜಾಸ್ತಿ. ಮಕ್ಕಳಿಗೆ ಮೊಟ್ಟೆ, ಹಾಲು ಕೊಡುತ್ತಿರುವುದನ್ನು ತಾವೇ ತಂದಂತೆ ಹೇಳಿದರು. ಅದು ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳಲ್ಲೂ ಇದೆ, ಅಲ್ವಾ? ನಮ್ಮ ಶಾಲೆಯ ಹೆಣ್ಣುಮಕ್ಕಳ ಶೌಚಾಲಯಕ್ಕೆ ಚಿಲಕವಿಲ್ಲ ಅಂದರೆ, "ಎಸ್‌ಡಿಎಂಸಿಯವರನ್ನ ಕೇಳ್ರಿ" ಅಂದರು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದರು.

ನೀರಿನ ಬಗ್ಗೆ ಮಾತ್ರ ಸುಳ್ಳು ಹೇಳಲಿಲ್ಲ, 'ಇನ್ನೂ ತಡ ಆಗ್ತದ' ಅಂದರು. ಅದಕ್ಕೆ ಮೂರನೇ ಸ್ಟಾರ್. ಹೋಗುವವರು ಆಧಾರ್, ರೇಷನ್ ಕಾರ್ಡ್, ಮನೆಯಲ್ಲಿರುವ ಎಲ್ಲ ಪಾಸ್‌ಬುಕ್ ಒಯ್ಯಿರಿ. ಏಳಕ್ಕೆ ಅಂದರೆ ಎಂಟಕ್ಕೆ ಹೋದರೂ ನಡೆಯುತ್ತದೆ.